ಒಂದೇ ಪಟ್ಟಿ ಹಿಡಿದ ಎರಡು ಗುಂಪುಗಳು

ನೀರ್ಗಟ್ಟಿ, ಕೃಷ್ಣೆಯ ಎಡದಂಡೆ
ಇಸವಿ ೨೪೧೭, ಹದಿಮೂರನೆಯ ತಿಂಗಳ ಮೂವತ್ತೆಂಟನೆಯ ದಿನ

ಸು.ವೆಂ. ಎಂಬ ಎರಡು ಅಕ್ಷರಗಳಿಂದ ಮಾತ್ರ ನನಗೆ ಪರಿಚಯವಿರುವವರಿಗೆ, ನೀರ್ಗಟ್ಟಿಯ ಓಲೆಗಾರ್ತಿ ಹುಲಿಗೆವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ತನ್ನ ಹಳೆಯ ತಿಂಗಳುಗಳಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ಮೂರು ನಾಲ್ಕು ದಿನ ಕಿತ್ತು ಇನ್ನೊಂದು ತಿಂಗಳು ಕಟ್ಟಿದರು. ಅದಕ್ಕೆ ಬೆಂಕಿ ತಿಂಗಳು ಎಂದು ಹೆಸರು. ನನ್ನ ಮಾತುಗಳೂ ನಿಮಗೆ ಬೇರೆಯಾಗಿ ಕೇಳಿಸಿದರೆ ಕ್ಷಮಿಸಿ. ನಾವು ಬರೆಯುವ ಕನ್ನಡವನ್ನು ನಿಮ್ಮ ಕಾಲದ ಕಾಗದಗಳಿಂದಲೇ ಕಲಿತವರು. ಆಡುವ ಕನ್ನಡ ಮಾತ್ರ ನಮ್ಮದು. ನೀವು ಗಂಡಸೋ ಹೆಂಗಸೋ ನನಗೆ ಗೊತ್ತಿಲ್ಲ. ನಾನು ದಿನಾ ಕೈಯಾಡಿಸುವ ಕಂಪ್ಯೂಟರ್ ಕೋಡಿನ ತಲೆಯ ಮೇಲೆ ನಿಮ್ಮ ಎರಡಕ್ಷರ ಇವೆ, ಅಷ್ಟೇ. ಆ ಕೋಡಿನಿಂದ ನಮ್ಮೂರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದನ್ನು ನಿಮಗೆ ಹೇಳಬೇಕಾಗಿದೆ.

ಮೊದಲು ನಾವು ಬದುಕುವ ರೀತಿಯನ್ನು ಹೇಳುತ್ತೇನೆ. ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಾವು ಇರುವುದು ತಂಪುಕೇರಿಗಳಲ್ಲಿ, ಎಂದರೆ ದಂಡೆಯ ಕಲ್ಲನ್ನು ಕೊರೆದು ನೆಲದ ಕೆಳಗೆ ಮಾಡಿದ ಓಣಿಗಳಲ್ಲಿ. ಓಣಿಯ ನಡುವೆ ಒಂದು ಗೇಣು ಅಗಲದ ನೀರಿನ ಕಾಲುವೆ ಹರಿಯುತ್ತದೆ. ಬೆಳಕು ಹರಿಯುವ ಮುಂಚೆ ಒಲೆ ಹಚ್ಚಿ ಆರಿಸುತ್ತೇವೆ. ಬೆಂಕಿ ತಿಂಗಳಲ್ಲಿ ಸೂರ್ಯ ನೆತ್ತಿಗೆ ಬಂದಮೇಲೆ ಹೊರಗಿರುವವರು ಬದುಕುವುದಿಲ್ಲ, ಆದ್ದರಿಂದ ಹೊರಗಿನ ಕೆಲಸವೆಲ್ಲ ಬೆಳಗಿನ ನಾಲ್ಕು ತಾಸಿನಲ್ಲಿ ಮುಗಿಯಬೇಕು. ಹೊರಡುವಾಗ ಅಡಿಯಿಂದ ಮುಡಿಯವರೆಗೆ ಬಿಳಿಯ ಮುಸುಕು ಹಾಕಿಕೊಳ್ಳುತ್ತೇವೆ. ಕಣ್ಣಿನ ಜಾಗದಲ್ಲಿ ಜಾಳಿಗೆ. ಹೊರಗೆ ನಿಂತವರೆಲ್ಲ ಒಂದೇ ತರಹ ಕಾಣುತ್ತಾರೆ. ಹಡೆದ ತಾಯಿಗೂ ಮಗಳ ಗುರುತು ಹತ್ತುವುದಿಲ್ಲ.

ಗುರುತಿಗೆ ಇರುವುದು ಓಲೆಮಣಿ. ಕಿವಿಯ ಹಿಂದೆ ಚರ್ಮದೊಳಗೆ ಕೂರಿಸಿದ ಸಣ್ಣ ಮಣಿ. ಓಲೆ ಎಂದರೆ ನಿಮ್ಮ ಇ-ಮೇಲ್; ಬಂದ ಓಲೆಯನ್ನು ಮಣಿ ಕಿವಿಯಲ್ಲಿ ಓದಿ ಹೇಳುತ್ತದೆ. ಒಬ್ಬೊಬ್ಬರ ಮಣಿಗೂ ಒಂದೊಂದು ವಿಳಾಸ. ವಿಳಾಸದ ನಡುವೆ ಬಾಲ ಸುತ್ತಿಕೊಂಡು ಕೂತಿರುವ ಆ ಅಕ್ಷರ ಈಗಲೂ ಹಾಗೇ ಇದೆ. ನಾವು ಅದನ್ನು ಬಸವನಹುಳು ಎನ್ನುತ್ತೇವೆ. ಕಾವಲಿನವರ ಹಣೆಗೆ ಕೆಂಗನ್ನಡಿ ಎಂಬ ಗಾಜು ಕಟ್ಟಿರುತ್ತದೆ. ಅದರ ಮೂಲಕ ನೋಡಿದರೆ ನಮ್ಮ ವೈರಿಗಳ ಮಣಿ ಕೆಂಪಗೆ ಹೊಳೆಯುತ್ತದೆ, ಬೇರೆಯವರದು ಹೊಳೆಯುವುದಿಲ್ಲ. ವೈರಿಗಳು ಯಾರು ಎಂದು ಆ ಗಾಜಿಗೆ ಹೇಳುವುದು ತಡೆಗುಂಪು ಎಂಬ ವಿಳಾಸಗಳ ಗುಂಪು. ಆ ಗುಂಪನ್ನು, ಊರಿನ ಉಳಿದೆಲ್ಲ ಗುಂಪುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷ ಮಾಡಿದ್ದೇನೆ.

ಗುಂಪುಗಳನ್ನು ನಡೆಸುವ ಕೋಡು ನಿಮ್ಮದು. ಅದು ಹೇಗೆ ಕೈಯಿಂದ ಕೈಗೆ ದಾಟಿ ನಮ್ಮವರೆಗೆ ಬಂತೋ ಯಾರಿಗೂ ತಿಳಿಯದು. ಬದಲಿಸಲು ಯಾರಿಗೂ ಧೈರ್ಯವಿರಲಿಲ್ಲ, ನಡೆಯುತ್ತಿತ್ತಲ್ಲ. ಕೋಡಿನಲ್ಲಿ ನೀವು ‘ಗುಂಪು’ ಎಂಬ ಒಂದು ಕ್ಲಾಸ್ ಬರೆದಿದ್ದೀರಿ. ನನ್ನ ಗುರು ನನಗೆ ಕಲಿಸಿದ್ದು ಹೀಗೆ: ಕ್ಲಾಸ್ ಎಂದರೆ ಇಟ್ಟಿಗೆಯ ಅಚ್ಚು, ಆಬ್ಜೆಕ್ಟ್ ಎಂದರೆ ಆ ಅಚ್ಚಿನಿಂದ ತೆಗೆದ ಇಟ್ಟಿಗೆ. ಒಂದೊಂದು ಗುಂಪೂ ಒಂದೊಂದು ಇಟ್ಟಿಗೆ. ಅದರ ಹೊಟ್ಟೆಯೊಳಗೆ ವಿಳಾಸಗಳ ಪಟ್ಟಿ. ಸೇರಿಸು ಎಂದರೆ ಸೇರಿಸುತ್ತದೆ, ತೆಗೆ ಎಂದರೆ ತೆಗೆಯುತ್ತದೆ, ಕಳಿಸು ಎಂದರೆ ಪಟ್ಟಿಯಲ್ಲಿರುವ ಎಲ್ಲರಿಗೂ ಓಲೆ ಕಳಿಸುತ್ತದೆ. ಹಳೆಯ ಗುಂಪಿನಿಂದ ಹೊಸ ಗುಂಪನ್ನು ಮಾಡಿಕೊಳ್ಳಲೂಬಹುದು. ಅಂದಚಂದದ ಕೆಲಸ. ನಾನು ನಿಮ್ಮನ್ನು ಮನಸ್ಸಿನಲ್ಲೇ ಎಷ್ಟೋ ಸಲ ಮೆಚ್ಚಿಕೊಂಡಿದ್ದೇನೆ.

ನಮಗೂ ಗುಡ್ಡದವರಿಗೂ ಮೂರು ವರ್ಷದಿಂದ ಹೊಡೆದಾಟವಿತ್ತು. ಕಾರಣ ನೀರು. ಹೊಳೆಯ ಒಡ್ಡಿನ ತೂಬು ನಮ್ಮ ಕೈಯಲ್ಲಿತ್ತು, ಅವರ ಬಾವಿಗಳು ಬತ್ತಿದ್ದವು. ಮೊದಲ ವರ್ಷ ಅವರು ತೂಬು ಕಾಯುವ ಏಳು ಜನರ ಕತ್ತು ಕೊಯ್ದರು. ನಾವು ಅವರ ಐವರನ್ನು ಹಿಡಿದು ಮುಸುಕು ಕಿತ್ತು ಮಧ್ಯಾಹ್ನದ ಬಿಸಿಲಿಗೆ ಕಂಬಕ್ಕೆ ಕಟ್ಟಿದೆವು. ಅವರು ಸಾಯುವವರೆಗೆ ಕೂಗಿದ್ದು ತಂಪುಕೇರಿಯ ಒಳಗೂ ಕೇಳುತ್ತಿತ್ತು. ಆ ಐದು ವಿಳಾಸಗಳನ್ನು ತಡೆಗುಂಪಿನಿಂದ ತೆಗೆದವಳು ನಾನೇ. ಸತ್ತವರನ್ನು ಇಟ್ಟುಕೊಂಡು ಏನು ಮಾಡುವುದು ಎಂದು ತೆಗೆದೆ, ಬೇರೇನೂ ಅನ್ನಿಸಲಿಲ್ಲ. ನಾವು ಒಳ್ಳೆಯವರೆಂದು ನೀವು ತಿಳಿಯಬಾರದು, ಅದಕ್ಕೇ ಇದನ್ನು ಬರೆದೆ.

ಹೋದ ವರ್ಷದ ಬೆಂಕಿ ತಿಂಗಳ ಹೊತ್ತಿಗೆ ಎರಡೂ ಕಡೆ ಹೂಳುವುದಕ್ಕೂ ಜನ ಸಾಲದಾದರು. ನನ್ನ ತಮ್ಮ ಕನಕಪ್ಪ ತೂಬಿನ ಕೆಲಸದವನು. ಅವನೇ ಮೊದಲು ಗುಡ್ಡದವರ ಹಿರಿಯಳು ಸಂಕವ್ವನಿಗೆ ಓಲೆ ಕಳಿಸಿ ಮಾತುಕತೆಗೆ ಕರೆದ. ದಿನಕ್ಕೆ ಎರಡು ತಾಸು ತೂಬು ತೆರೆದರೆ ಹೊಡೆದಾಟ ಬಿಡುವುದಾಗಿ ಆಕೆ ಒಪ್ಪಿದಳು. ನಮ್ಮ ದಳಪತಿ ರಾಚಪ್ಪನೂ ತಲೆಯಾಡಿಸಿದ. ಗುಡ್ಡದವರು ಇಪ್ಪತ್ತು ಜನ, ನಾವು ಹದಿನಾರು ಜನ, ಯಾರ ಕೈಯಲ್ಲೂ ಆಯುಧವಿಲ್ಲದೆ, ಒಡ್ಡಿನ ಕೆಳಗಿನ ಬಯಲಲ್ಲಿ ಕೂರುವುದೆಂದು ಮಾತಾಯಿತು. ಅದರ ಹಿಂದಿನ ದಿನ ಬೆಳಗ್ಗೆ ರಾಚಪ್ಪ ನನ್ನ ಓಲೆಮನೆಗೆ ಬಂದ.

“ಹುಲಿಗೆವ್ವಾ, ಅವ್ರಿಗೂ ನಮ್ಮವ್ರಿಗೂ ಕೂಡೇ ಒಂದ ಓಲಿ ಹೋಗಬೇಕು. ಜಾಗಾ, ಹೊತ್ತು, ಎಲ್ಲಾ ಒಂದ. ಒಬ್ರಿಗೊಂದು ಇನ್ನೊಬ್ರಿಗೊಂದು ಹೇಳಿದ್ವಿ ಅನ್ನೂ ಮಾತು ಬರಬಾರದು.”

“ಒಂದ ಗುಂಪು ಕಟ್ತೀನ್ರಿ.”

“ಮತ್ತ ಆ ಇಪ್ಪತ್ತು ಮಂದೀನ ತಡೆಗುಂಪಿನಿಂದ ತಗದು ಬಿಡು. ನಾಳೆ ಒಡ್ಡಿನ ಕೆಳಗ ಒಂದೂ ಕೆಂಪು ಕಾಣಬಾರದು. ಕಂಡ್ರ ಮೋಸ ಅಂತ ತಿಳೀರಿ, ಹೊಡೀರಿ ಅಂತ ಕಾವಲಿನವ್ರಿಗೆ ಹೇಳೀನಿ.”

ಗುಡ್ಡದವರ ವಿಳಾಸಗಳು ಇದ್ದದ್ದು ತಡೆಗುಂಪಿನಲ್ಲಿ ಮಾತ್ರ, ಒಟ್ಟು ಅರವತ್ತು. ಹಾಗಾಗಿ ತಡೆಗುಂಪಿನಿಂದ ‘ಮಾತುಕತೆ’ ಎಂಬ ಹೊಸ ಗುಂಪನ್ನು ಮಾಡಿಕೊಂಡೆ. ಅದರಿಂದ, ಬಾರದ ನಲವತ್ತು ಜನರನ್ನು ತೆಗೆದೆ. ನಮ್ಮ ಹದಿನಾರು ಜನರನ್ನು ಸೇರಿಸಿದೆ. ಲೆಕ್ಕ ನೋಡಿದರೆ ಮೂವತ್ತಾರು, ಸರಿಯಾಗಿತ್ತು. ಓಲೆ ಕಳಿಸಿದೆ. ಮೂವತ್ತಾರೂ ಮಣಿಗಳಿಂದ ತಲುಪಿತೆಂದು ಉತ್ತರ ಬಂತು. ಆಮೇಲೆ ತಡೆಗುಂಪಿಗೆ ಹೋಗಿ, ಬರುವ ಇಪ್ಪತ್ತು ಜನರ ಹೆಸರು ಹೇಳಿ ತೆಗೆ ಎಂದೆ. ತೆಗೆಯಲಾಗಿದೆ ಎಂದಿತು. ಉಳಿದವರು ಯಾರು ಎಂದು ನಾನು ನೋಡಲಿಲ್ಲ. ನಲವತ್ತು ಜನ ಇರಬೇಕು, ಇದ್ದಾರೆ ಎಂದುಕೊಂಡು ಎದ್ದೆ.

ಮರುದಿನ ಸೂರ್ಯ ಎರಡಾಳು ಮೇಲೇರಿದ್ದಾಗ ಅವರು ಗುಡ್ಡ ಇಳಿದು ಬಂದರು. ನಾನು ಒಡ್ಡಿನ ಮೇಲೆ, ಕಾವಲುಗೋಪುರದ ಬುಡದಲ್ಲಿ ನಿಂತಿದ್ದೆ. ಕೆಳಗೆ ಮೂವತ್ತಾರು ಬಿಳಿ ಮುಸುಕುಗಳು ಎದುರು ಬದರು ಕೂತವು. ನಡುವೆ ನೀರಿನ ಕೊಡ. ಯಾರು ಕನಕಪ್ಪ, ಯಾರು ರಾಚಪ್ಪ, ನನಗೂ ತಿಳಿಯಲಿಲ್ಲ. ಗೋಪುರದ ಮೇಲೆ ಕಾವಲಿನ ಹಿರಿಯ ಇಮಾಮಸಾಬ ಮತ್ತು ಅವನ ಐದು ಜನ ಸಿಡಿಗೋಲು ಹಿಡಿದು ನಿಂತಿದ್ದರು. ಸಿಡಿಗೋಲು ಎಂದರೆ ನಿಮ್ಮ ಬಂದೂಕಿನ ಮೊಮ್ಮಗು. ಸದ್ದು ಕಡಿಮೆ, ಗಾಯ ದೊಡ್ಡದು. ಇಮಾಮಸಾಬ ಕೆಂಗನ್ನಡಿ ಕಣ್ಣಿಗೆ ಎಳೆದುಕೊಂಡು ಕೆಳಗೆ ನೋಡಿದ. ಅವನ ದನಿ ನನಗೆ ಕೇಳಿಸಿತು.

“ಯಪ್ಪಾ! ಹದಿನಾರು ಕೆಂಪು ಕುಂತಾವಲ್ಲೋ!”

“ಸರಿಯಾಗಿ ನೋಡು ಮಾರಾಯಾ.”

“ನೀನ ನೋಡು. ಎಣಸು. ನಮ್ಮವ್ರು ಕುಂಡ್ರೂ ಜಾಗಾದಾಗ ಕುಂತಾರ. ನಮ್ಮವ್ರನ ದಾರ್ಯಾಗ ಕೊಂದು ಅವ್ರ ಮುಸುಕು ಹಾಕ್ಕೊಂಡ ಬಂದಾರ!”

ನಾನು ಹೂಂ ಅನ್ನುವಷ್ಟರಲ್ಲಿ, ಅಲ್ಲ ಅನ್ನುವಷ್ಟರಲ್ಲಿ, ಆರೂ ಸಿಡಿಗೋಲು ಒಟ್ಟಿಗೆ ಸಿಡಿದವು.

ಎದ್ದು ಕೈಯೆತ್ತಿದವನು ರಾಚಪ್ಪ ಎಂದು ಈಗ ಗೊತ್ತು. ನಿಲ್ಲಿಸಲು ಎತ್ತಿದ ಕೈ ಮೊಣಕೈಯ ಹತ್ತಿರ ಹಾರಿಹೋಯಿತು, ಎರಡನೆಯ ಏಟಿಗೆ ಎದೆ ಒಡೆಯಿತು. ಬಿಳಿಯ ಮುಸುಕುಗಳು ಕೂತಲ್ಲೇ ಕೆಂಪಾದವು. ಓಡಿದವರ ಬೆನ್ನಿಗೆ ಬಿತ್ತು. ಗುಡ್ಡದವರು ನಮ್ಮವರನ್ನು ದಾಟಿ ಓಡಿದರು, ನಮ್ಮವರು ಗುಡ್ಡದವರ ಹಿಂದೆ ಅಡಗಿದರು, ಗುಂಡಿಗೆ ಅದೆಲ್ಲ ತಿಳಿಯುತ್ತದೆಯೇ? ನಾನು ಮುಸುಕು ಹರಿದುಕೊಂಡು ಒಡ್ಡಿನಿಂದ ಕೆಳಗೆ ಜಾರುತ್ತಾ ಕೂಗಿದೆ.

“ಹೊಡೀಬ್ಯಾಡ್ರೋ! ನಮ್ಮವ್ರ ಅದಾರ! ನಮ್ಮವ್ರೋ!”

ನನ್ನ ವಿಳಾಸ ಗುಂಪಿನಲ್ಲಿರಲಿಲ್ಲ. ಗಾಜಿನಲ್ಲಿ ನಾನು ಕೆಂಪು ಕಾಣಲಿಲ್ಲ. ಅದಕ್ಕೇ ಬದುಕಿದ್ದೇನೆ.

ಕನಕಪ್ಪ ಕೊಡದ ಪಕ್ಕದಲ್ಲಿ ಬಿದ್ದಿದ್ದ. ಮುಸುಕು ತೆಗೆದ ಮೇಲೆ ಅವನೆಂದು ತಿಳಿಯಿತು. ಕೊರಳ ಕೆಳಗೆ ನನ್ನ ಮುಷ್ಟಿ ಹಿಡಿಸುವಷ್ಟು ದೊಡ್ಡ ಗಾಯ. ನಾನು ನಿಜಕ್ಕೂ ಅದರಲ್ಲಿ ಮುಷ್ಟಿ ಇಟ್ಟೆ, ರಕ್ತ ನಿಲ್ಲಲೆಂದು. ಅವನು ನನ್ನ ಮುಖ ನೋಡಿದ.

“ಅಕ್ಕಾ, ಯಾರು ಹೊಡ್ಯಾಕತ್ತಾರ?”

ಅವನು ಉತ್ತರಕ್ಕೆ ಕಾಯುತ್ತಲೇ ಸತ್ತ.

ಇಷ್ಟಕ್ಕೇ ಮುಗಿಯಲಿಲ್ಲ. ಬಾರದೆ ಉಳಿದ ಗುಡ್ಡದ ನಲವತ್ತು ಜನ ಇಳಿಜಾರಿನ ಮೇಲೆ ಕಾಯುತ್ತಿದ್ದರು. ಅವರೆಲ್ಲ ಹೊಡೆದಾಟದವರೇ, ಮಾತುಕತೆಗೆ ಬೇಡವೆಂದು ಬಿಟ್ಟವರು. ತಮ್ಮವರು ಬೀಳುವುದನ್ನು ನೋಡಿ ಅವರು ಕೊಡಲಿ, ಕುಡಗೋಲು ಹಿಡಿದು ತಂಪುಕೇರಿಯ ಪಡುವಣ ಬಾಗಿಲ ಕಡೆ ಓಡಿದರು. ಆ ಬಾಗಿಲಲ್ಲಿದ್ದ ಇಬ್ಬರು ಕಾವಲಿನವರು ಕೆಂಗನ್ನಡಿಯಲ್ಲಿ ನೋಡಿದರು. ನಲವತ್ತು ಮುಸುಕುಗಳಲ್ಲಿ ಒಂದೂ ಕೆಂಪಿಲ್ಲ. ನಮ್ಮವರೇ ಗುಂಡಿಗೆ ಹೆದರಿ ಓಡಿ ಬರುತ್ತಿದ್ದಾರೆಂದು ತಿಳಿದು, ಲಗು ಬರ್ರಿ, ಲಗು ಬರ್ರಿ ಎಂದು ಕೂಗಿ ಬಾಗಿಲು ತೆರೆದರು. ಕೇರಿಯಲ್ಲಿ ಮೊದಲು ಸತ್ತವರು ಆ ಇಬ್ಬರು.

ತಂಪುಕೇರಿಯ ಒಳಗೆ ಬಂದವರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಬಿಸಿಲಿಗೆ ಹೆದರಿ ಕಟ್ಟಿದ ಊರದು. ಓಣಿ ಓಣಿಯಲ್ಲಿ ಕಡಿದರು. ಬೀಸುವ ಕಲ್ಲಿನ ಮುಂದೆ ಕೂತವರನ್ನು ಕೂತಲ್ಲೇ ಕಡಿದರು. ನಮ್ಮವರೂ ಒಲೆಗೋಲು, ಸನಿಕೆ, ಕೈಗೆ ಸಿಕ್ಕಿದ್ದು ಹಿಡಿದು ತಿರುಗಿ ಬಿದ್ದರು. ನಡುವಿನ ಕಾಲುವೆ ಕೆಂಪಾಗಿ ಹರಿದು, ಹೆಣ ಅಡ್ಡ ಬಿದ್ದು ಕಟ್ಟಿ, ನೆಲದ ಮೇಲೆ ಹರಡಿತು. ಕೊನೆಗೆ ಹೊಡೆದಾಟ ನಿಲ್ಲಿಸಿದ್ದು ಯಾರ ಮಾತೂ ಅಲ್ಲ. ಸೂರ್ಯ ನೆತ್ತಿಗೆ ಬರತೊಡಗಿದ. ಈಗ ಹೊರಡದಿದ್ದರೆ ಗುಡ್ಡ ಮುಟ್ಟುವುದಿಲ್ಲವೆಂದು ಅವರು ಹೊರಟರು. ಹದಿಮೂರು ಜನ ದಾರಿಯಲ್ಲೇ ಬಿಸಿಲಿಗೆ ಬಿದ್ದರು. ಕೇರಿಯೊಳಗೆ ನಮ್ಮವರು ನಲವತ್ತೆಂಟು ಜನ ಸತ್ತಿದ್ದರು. ಬಯಲಲ್ಲಿ ನಮ್ಮ ಹದಿನಾರು ಜನರಲ್ಲಿ ಹದಿನೈದು ಜನ, ಅವರ ಇಪ್ಪತ್ತರಲ್ಲಿ ಒಂಬತ್ತು.

ಮೂರು ದಿನ ಹೂಳುವ ಕೆಲಸವಾಯಿತು. ಗುಡ್ಡದವರು ಮಾಟ ಮಾಡಿ ಗಾಜು ಕೆಡಿಸಿದರೆಂದು ಕೆಲವರು, ಇಮಾಮಸಾಬ ಗುಡ್ಡದವರಿಗೆ ತನ್ನನ್ನು ಮಾರಿಕೊಂಡನೆಂದು ಕೆಲವರು. ಇಮಾಮಸಾಬ ಉಣ್ಣಲಿಲ್ಲ. ನಾಲ್ಕನೆಯ ದಿನ ನಾನು ಓಲೆಮನೆಯ ಬಾಗಿಲು ಹಾಕಿಕೊಂಡು ತಡೆಗುಂಪನ್ನು ತೆರೆದೆ. ಅದರಲ್ಲಿ ಹದಿನಾರು ವಿಳಾಸಗಳಿದ್ದವು. ಏಳನೆಯದು ನನ್ನ ತಮ್ಮನದು.

ಆಮೇಲೆ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ನಿಮ್ಮ ಕೋಡನ್ನು ಸಾಲು ಸಾಲಾಗಿ ಓದಿದೆ. ಹಳೆಯ ಗುಂಪಿನಿಂದ ಹೊಸ ಗುಂಪು ಮಾಡುವ ಜಾಗದಲ್ಲಿ, ಹೊಸದು ತನಗೆಂದು ಬೇರೆ ಪಟ್ಟಿ ಮಾಡಿಕೊಳ್ಳುವುದಿಲ್ಲ. ಹಳೆಯದರ ಪಟ್ಟಿಯನ್ನೇ ತಾನೂ ಹಿಡಿದುಕೊಳ್ಳುತ್ತದೆ. ಹೆಸರು ಎರಡು, ಪಟ್ಟಿ ಒಂದೇ. ಮಾತುಕತೆಯಿಂದ ನಾನು ನಲವತ್ತು ಜನರನ್ನು ತೆಗೆದಾಗ ತಡೆಗುಂಪಿನಿಂದಲೂ ಅವರು ಹೋದರು. ನಮ್ಮ ಹದಿನಾರು ಜನರನ್ನು ಸೇರಿಸಿದಾಗ ತಡೆಗುಂಪಿಗೂ ಸೇರಿದರು. ಕೊನೆಗೆ ಬರುವ ಇಪ್ಪತ್ತು ಜನರನ್ನೂ ತೆಗೆದೆ. ಉಳಿದವರು ನಮ್ಮವರು ಮಾತ್ರ. ಗಾಜು ಕೆಟ್ಟಿರಲಿಲ್ಲ. ನಾನು ಹೇಳಿದ್ದನ್ನೇ ತೋರಿಸಿತ್ತು.

ಆ ಸಾಲಿನ ಮೇಲೆ ನಿಮ್ಮ ಟಿಪ್ಪಣಿ ಇತ್ತು. “ಇಲ್ಲಿ ಪಟ್ಟಿಯ ನಕಲು ತೆಗೆಯಬೇಕು. ಸಂಘದ ಸಭೆಯ ನೋಟಿಸು ಕಳಿಸಲು ಸದ್ಯಕ್ಕೆ ಇಷ್ಟು ಸಾಕು. ಆಮೇಲೆ ನೋಡೋಣ. ಸು.ವೆಂ.” ಯಾವುದೋ ಬಡಾವಣೆಯ ನಿವಾಸಿಗಳ ಸಂಘವಂತೆ. ಇಲ್ಲಿ ತಪ್ಪಿದೆ ಎಂದು ನಿಮಗೆ ಗೊತ್ತಿತ್ತು. ಅದನ್ನು ಓದಿದಾಗ ನಾನು ನಿಮ್ಮನ್ನು ಕೊಲ್ಲಬೇಕೆಂದುಕೊಂಡೆ. ಸತ್ತು ನಾನೂರು ವರ್ಷವಾದವರನ್ನು ಮತ್ತೆ ಎಬ್ಬಿಸಿ ನನ್ನ ಕೈಯಾರೆ ಕೊಲ್ಲಬೇಕೆಂದುಕೊಂಡೆ. ಟಿಪ್ಪಣಿ ಹತ್ತೊಂಬತ್ತು ವರ್ಷ ನನ್ನ ಕಣ್ಣ ಮುಂದೆಯೇ ಇತ್ತೆಂಬುದು ಆಮೇಲೆ ಹೊಳೆಯಿತು.

ಊರು ಸೇರಿದ ಕಡೆ ನಿಂತು ಎಲ್ಲವನ್ನೂ ಹೇಳಿದೆ. ಜನ ಕಲ್ಲೆತ್ತಿದರು. ಒಂದು ನನ್ನ ಹುಬ್ಬಿಗೆ ಬಿತ್ತು. ಆಗ ಇಮಾಮಸಾಬ ನನ್ನ ಮುಂದೆ ಬಂದು ನಿಂತ.

“ಬಣ್ಣ ಆಕೀದು, ಗುಂಡು ನಂದು. ಒಂದ ಸರ್ತಿ ಹೆಸರು ಹಿಡಿದು ಕೂಗಿದ್ರ ರಾಚಪ್ಪ ಓ ಅಂತಿದ್ದ. ನಾ ಕೂಗಲಿಲ್ಲ. ಮೊದಲು ನನಗ ಹೊಡೀರಿ.”

ಯಾರೂ ಹೊಡೆಯಲಿಲ್ಲ. ಸತ್ತವರಿಗಾಗಿ ಗುಡ್ಡಕ್ಕೆ ನುಗ್ಗಬೇಕೆಂದು ಎದ್ದಿದ್ದವರೂ ಕೂತರು. ಆದರೆ ಗುಡ್ಡದವರಿಗೆ ಇದನ್ನು ಹೇಳುವವರು ಯಾರು? ಅವರ ಲೆಕ್ಕದಲ್ಲಿ ನಾವು ಕರೆದು ಕೊಂದವರು. ನಾನು ಹೊರಟೆ. ಇಮಾಮಸಾಬ ಬರಿಗೈಯಲ್ಲಿ ಜೊತೆಗೆ ಬಂದ. ದಾರಿಯುದ್ದಕ್ಕೂ ಒಂದೇ ಒಂದು ಸಲ ಮಾತಾಡಿದ.

“ತಂಗೀ, ನಿನ್ನ ತಮ್ಮಗ ನಾನ ಹೊಡದಿದ್ದು. ಗೋಪುರದ ಮ್ಯಾಲಿಂದ ಅವನ ಕಡೆ ಗುರಿ ಹಿಡದಾವ ನಾ ಒಬ್ಬನ.”

ನಾನು ಜೊತೆಗೆ ನಡೆದೆ, ಅಷ್ಟೇ. ಗುಡ್ಡದ ಗವಿಬಾಗಿಲಲ್ಲಿ ಮುಸುಕು ತೆಗೆದು ನಿಂತೆವು. ನಾವು ಬಾಯಿ ತೆರೆಯುವ ಮುಂಚೆ ಒಬ್ಬ ಓಡಿ ಬಂದು ಇಮಾಮಸಾಬನ ಹೆಗಲಿಗೆ ಕೊಡಲಿ ಹಾಕಿದ. ಎಲುಬು ಮುರಿದ ಸದ್ದು ಕೇಳಿಸಿತು. ಅವನು ಮೊಣಕಾಲೂರಿದ, ಕೈ ಅಡ್ಡ ಹಿಡಿಯಲಿಲ್ಲ. ಎರಡನೆಯ ಏಟು ಕತ್ತಿಗೆ ಬಿತ್ತು. ಮೂರನೆಯದನ್ನು ತಡೆದದ್ದು ಸಂಕವ್ವ. ಅಷ್ಟರಲ್ಲಿ ಅವನ ಕಣ್ಣು ಮೇಲಾಗಿತ್ತು.

ಸಂಕವ್ವನ ಮಗಳು ಬಯಲಲ್ಲಿ ಸತ್ತ ಒಂಬತ್ತರಲ್ಲಿ ಒಬ್ಬಳು. ಆಕೆ ನನ್ನನ್ನು ಇಮಾಮಸಾಬನ ಹೆಣದ ಪಕ್ಕದಲ್ಲೇ ಕೂರಿಸಿ ಕೇಳಿದಳು. ನಾನು ಮಣ್ಣಿನ ಮೇಲೆ ಬರೆದು ತೋರಿಸಿದೆ, ಒಂದು ಪಟ್ಟಿ, ಅದನ್ನು ಹಿಡಿದ ಎರಡು ಕೈ. ಮೂರು ಸಲ ಹೇಳಿಸಿದಳು.

“ಅಂದ್ರ ನಮ್ಮನ್ನ ಕೊಲ್ಲಬೇಕಂತ ಇದ್ದಿದ್ದಿಲ್ಲ?”

“ಇಲ್ಲವ್ವಾ.”

“ನಿಮ್ಮವ್ರನ್ನೂ?”

“ಅವ್ರನ್ನೂ ಇಲ್ಲ.”

“ಹಂಗಾದ್ರ ಇಷ್ಟು ಮಂದಿ ಸತ್ತಿದ್ದು ಯಾತಕ್ಕ?”

“ಒಂದ ಸಾಲು ಯಾರೂ ಬರೀಲಿಲ್ಲ. ನಾನೂ ಓದಲಿಲ್ಲ.”

ಆಕೆ ನನ್ನ ಬಲಗೈಯನ್ನು ಬೀಸುವ ಕಲ್ಲಿನ ಮೇಲೆ ಇಡಿಸಿ, ಗುಂಡುಕಲ್ಲೆತ್ತಿ ನಾಲ್ಕು ಬೆರಳನ್ನೂ ಜಜ್ಜಿದಳು. ಒಂದೊಂದಾಗಿ. ನಾನು ಕೈ ಎಳೆದುಕೊಳ್ಳಲಿಲ್ಲವೆಂದು ಬರೆದುಕೊಳ್ಳಬಹುದಿತ್ತು, ಆದರೆ ಎಳೆದುಕೊಂಡೆ, ಕಿರುಚಿದೆ, ಇಬ್ಬರು ಹಿಡಿದುಕೊಳ್ಳಬೇಕಾಯಿತು. ಮುಗಿದ ಮೇಲೆ ಅವಳೇ ತನ್ನ ಮುಸುಕು ಹರಿದು ಬಟ್ಟೆ ಕಟ್ಟಿದಳು.

“ಮಗಳ ಸಲುವಾಗಿ ಇಷ್ಟ. ಇನ್ನ ತೂಬಿನ ಮಾತು ಆಡು” ಅಂದಳು.

ತೂಬು ಈಗ ದಿನಕ್ಕೆ ಎರಡು ತಾಸು ತೆರೆಯುತ್ತದೆ. ಹೊಡೆದಾಟ ನಿಂತು ಒಂದು ವರ್ಷವಾಯಿತು. ಎಷ್ಟು ದಿನ ನಿಂತೀತೋ ಹೇಳಲಾರೆ. ನಿಮ್ಮ ಕೋಡು ಈಗಲೂ ನಡೆಯುತ್ತಿದೆ. ಆ ಸಾಲನ್ನು ನಾನು ಎಡಗೈಯಲ್ಲಿ ಬರೆದೆ: ಹೊಸ ಗುಂಪು ಹುಟ್ಟುವಾಗ ಪಟ್ಟಿಯ ನಕಲು ತೆಗೆದುಕೊಳ್ಳಬೇಕು. ಬರೆಯಲು ಹಿಡಿದದ್ದು ನೂರು ಉಸಿರು ಎಣಿಸುವಷ್ಟು ಹೊತ್ತು.

ಈ ಪತ್ರವನ್ನು ಅದೇ ಕೋಡಿನೊಳಗೆ, ನಿಮ್ಮ ಟಿಪ್ಪಣಿಯ ಕೆಳಗೆ ಬರೆಯುತ್ತಿದ್ದೇನೆ. ನಿಮಗೆ ತಲುಪುವ ದಾರಿ ನನಗೆ ಗೊತ್ತಿಲ್ಲ. ಆದರೂ ಒಂದು ಬೇಡಿಕೆ. ಇದನ್ನು ಓದುತ್ತಿದ್ದರೆ ನೀವು ಈಗ ಬದುಕಿದ್ದೀರಿ, ಆ ಸಾಲಿನ ಮುಂದೆ ಕೂತಿದ್ದೀರಿ. ಸಭೆಯ ನೋಟಿಸು ಹೋಗಬೇಕು, ಯಾರೋ ಊಟಕ್ಕೆ ಕರೆಯುತ್ತಿದ್ದಾರೆ, ಎದ್ದುಬಿಡೋಣ ಎನ್ನಿಸುತ್ತಿದೆ. ಏಳಬೇಡಿ. ಬರೆದು ಏಳಿ.

ನೀವು ನಕಲಿನ ಆ ಸಾಲು ಬರೆದರೆ ಈ ಪತ್ರ ಬರೆಯುವವಳು ಇರುವುದಿಲ್ಲ. ಬೇರೊಬ್ಬ ಹುಲಿಗೆವ್ವ ಇರುತ್ತಾಳೆ, ನಿಮ್ಮ ಹೆಸರನ್ನು ಅವಳು ಗಮನಿಸುವುದೂ ಇಲ್ಲ. ಗೋಪುರದ ಮೇಲೆ ಇಮಾಮಸಾಬ ಬೇಸರದಿಂದ ಆಕಳಿಸುತ್ತಾನೆ. ಮಾತು ಮುಗಿದು ಕನಕಪ್ಪ ಮೆಟ್ಟಿಲಿಳಿದು ಬರುತ್ತಾನೆ, ಮಜ್ಜಿಗೆ ಹುಳಿಯಾಗಿದೆ ಎಂದು ಅಕ್ಕನ ಮೇಲೆ ರೇಗುತ್ತಾನೆ. ಅವಳೂ ತಿರುಗಿ ರೇಗುತ್ತಾಳೆ, ಮಧ್ಯಾಹ್ನವೆಲ್ಲ ಅವನ ಹತ್ತಿರ ಮಾತು ಬಿಡುತ್ತಾಳೆ.

ಇಂತಿ,
ಹುಲಿಗೆವ್ವ